ಎರಡೂ ಪಕ್ಷಕ್ಕೆ ಸೇರದ ವರ್ನಾ

ಅಯೋವಾದ ನಮ್ಮೂರಿನಲ್ಲಿ ಜನ ಮುಸುಕಿನ ಜೋಳ ಕೊಳ್ಳುವಾಗಲೂ ಮಾರುವವನ ಪಕ್ಷ ಯಾವುದೆಂದು ನೋಡುತ್ತಾರೆ. ಶಾಲೆಯ ಬಸ್ಸು ಓಡಿಸುವ ವರ್ನಾ ಹೌಗ್ಲಂಡ್ ಮಾತ್ರ ಜೋಳವನ್ನು ನೋಡುತ್ತಾಳೆ. ರಿಪಬ್ಲಿಕನ್ನರು ಸಿಹಿ ದೋಸೆಯಂಥ ಪ್ಯಾನ್‌ಕೇಕ್ ಬಡಿಸುವ ಕೂಟದಲ್ಲಿ ಹೊಟ್ಟೆತುಂಬ ತಿಂದು, "ತೆರಿಗೆ ವಿಷಯ ನೀವು ಹೇಳಿದ್ದು ಸರಿ, ಶಾಲೆ ವಿಷಯ ತಪ್ಪು" ಎನ್ನುತ್ತಾಳೆ. ಡೆಮಾಕ್ರಟರ ಕೂಟದಲ್ಲಿ ಅದನ್ನೇ ತಿರುಗಿಸಿ ಹೇಳಿ, ಇನ್ನೊಂದು ಬಡಿಸಿಕೊಳ್ಳುತ್ತಾಳೆ. ಒಬ್ಬರಿಗೆ ಅವಳು ಹೇಡಿ, ಇನ್ನೊಬ್ಬರಿಗೆ ದ್ರೋಹಿ. ಇಬ್ಬರ ಜಗಳದಲ್ಲಿ ಹೊಳೆಯ ಸೇತುವೆ ನಾಲ್ಕು ವರ್ಷ ಮುರುಕಲಾಗಿಯೇ ಉಳಿದಾಗ, ಅವಳು ಯಾವ ಪಕ್ಷವೂ ಇಲ್ಲದೆ, ರಸ್ತೆ ಸೇತುವೆ ನೋಡಿಕೊಳ್ಳುವ ಕೌಂಟಿ ಮಂಡಳಿಯ ಚುನಾವಣೆಗೆ ನಿಂತಳು. "ನಿಂಗ್ಯಾರಮ್ಮ ಓಟು ಹಾಕ್ತಾರೆ?" ಎಂದು ಕಾಫಿ ಅಂಗಡಿಯಲ್ಲಿ ಎಲ್ಲರೂ ನಕ್ಕರು. "ಹೊಳೆ ದಾಟೋರು ಹಾಕ್ತಾರೆ" ಎಂದಳು. ಹತ್ತೊಂಬತ್ತು ಓಟಿನಿಂದ ಗೆದ್ದೇಬಿಟ್ಟಳು! ಮರುದಿನ ಬೆಳಿಗ್ಗೆ ಅವಳ ತಮ್ಮ ಆರಿನ್, ಊರಿನ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ, ಫೋನ್ ಮಾಡಿ ಪಿಸುಗುಟ್ಟಿದ: "ಅಕ್ಕಾ, ನಾನು ನಿಂಗೇ ಹಾಕ್ದೆ ಕಣೆ. ಲೈಲ್‌ಗೆ ಹೇಳ್ಬೇಡ." ಲೈಲ್ ಎಂದರೆ ಇವರಿಬ್ಬರ ಕಿರಿಯ ತಮ್ಮ, ಡೆಮಾಕ್ರಟರ ಅಧ್ಯಕ್ಷ; ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷ. ಹತ್ತು ನಿಮಿಷಕ್ಕೆ ಅವನ ಫೋನೂ ಬಂತು, ಅದೇ ಪಿಸುಮಾತು. "ಹೇಳಲ್ಲ ಬಿಡೋ, ಭಾನುವಾರ ಊಟಕ್ಕೆ ಬಾ" ಎಂದು ಇಬ್ಬರನ್ನೂ ಕರೆದಳು; ಇನ್ನೊಬ್ಬ ಬರುತ್ತಾನೆಂದು ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವಳಾದ ನಾನೇ ಕಂಡೆ: ಆ ಭಾನುವಾರ ಅವಳ ಅಂಗಳದಲ್ಲಿ ತಮ್ಮಂದಿರ ಎರಡೂ ಪಿಕಪ್ ಟ್ರಕ್‌ಗಳು ಸಂಜೆಯವರೆಗೂ ಕದಲಲಿಲ್ಲ.