ಹೋಳೂರಿನ ಕಂಬದ ಮೇಲಿನ ಗೂಡು

ಕೋಲಾರದಿಂದ ಶ್ರೀನಿವಾಸಪುರದವರೆಗಿನ ಟೆಲಿಗ್ರಾಫ್ ತಂತಿ ಕಂಬಗಳನ್ನು ಹದಿನಾರು ವರ್ಷ ನೋಡಿಕೊಂಡವನು ಲೈನ್‌ಮ್ಯಾನ್ ಪೆದ್ದಪ್ಪ. ಮೂವತ್ತೊಂದನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ಹೆಗಲ ಮೇಲೆ ಬಿದಿರೇಣಿ, ಸೊಂಟದಲ್ಲಿ ಇಕ್ಕಳ, ಚೀಲದಲ್ಲಿ ಕಟ್ಟುತಂತಿಯ ಸುರುಳಿ ಇಟ್ಟುಕೊಂಡು ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದ. ಯಾವ ಕಂಬದ ಮೇಲೆ ತಂತಿ ಕೂರಿಸುವ ಪಿಂಗಾಣಿ ಬಟ್ಟಲು ಬಿರುಕು ಬಿಟ್ಟಿದೆ, ಯಾವುದು ಮಳೆ ಬಿದ್ದರೆ ವಾಲುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಮೇಲಿನವರು ಅವನನ್ನು ನಂಬಿಗಸ್ತ ಎನ್ನುತ್ತಿದ್ದರು. ಆ ಮಾತು ಕೇಳಿದರೆ ಅವನಿಗೂ ಹಿಗ್ಗು.

ಅವನಿಗೆ ಬೇಡವಾಗಿದ್ದ ಕೆಲಸ ಒಂದೇ, ಕಾಗೆಗೂಡು ಕೀಳುವುದು. ಯುಗಾದಿ ಕಳೆಯುತ್ತಿದ್ದ ಹಾಗೆ ಕಾಗೆಗಳು ಕಂಬದ ಅಡ್ಡಪಟ್ಟಿಯ ಮೇಲೆ ಗೂಡು ಹೂಡುತ್ತಿದ್ದವು. ಬರೀ ಕಡ್ಡಿಯಾಗಿದ್ದರೆ ತೊಂದರೆಯಿರಲಿಲ್ಲ. ಅವು ತಂತಿಯ ಚೂರುಗಳನ್ನೂ ಹೆಕ್ಕಿ ತರುತ್ತಿದ್ದವು. ಪಿಂಡಿ ಕಟ್ಟಿದ ತಂತಿ, ಮುರಿದ ಕೊಡೆಯ ಕಡ್ಡಿ, ಪೆದ್ದಪ್ಪನೇ ರಿಪೇರಿಯ ಹೊತ್ತಿನಲ್ಲಿ ಕತ್ತರಿಸಿ ಕೆಳಗೆ ಎಸೆದ ತುಂಡುಗಳು, ಎಲ್ಲವೂ ಗೂಡಿಗೆ ಸೇರುತ್ತಿದ್ದವು. ಮಳೆಗೆ ಗೂಡು ಜಾರಿ ಒಂದು ತುಂಡು ಎರಡು ತಂತಿಗಳಿಗೆ ತಗುಲಿತೆಂದರೆ ಅತ್ತ ಸುದ್ದಿಯಿಲ್ಲ, ಇತ್ತ ಸುದ್ದಿಯಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಗೂಡುಗಳನ್ನು ಕಿತ್ತು, ಕಿತ್ತೆನೆಂದು ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿತ್ತು.

ನಲವತ್ತೆರಡನೇ ಇಸವಿಯಲ್ಲಿ ಹೋಳೂರಿನ ಹೊರಗಿನ ಕಂಬದ ಗೂಡನ್ನು ಅವನು ಕೀಳಲಿಲ್ಲ. ಮರಿಗಳಿದ್ದವು, ಪಾಪ ಎನಿಸಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಿಜವೆಂದರೆ ಹಿಂದಿನ ವರ್ಷ ಅಲ್ಲಿನ ಕಾಗೆಗಳು ಅವನ ನೆತ್ತಿಯನ್ನು ಕುಕ್ಕಿ ರಕ್ತ ಬರಿಸಿದ್ದವು. ಏಣಿ ಹಾಕಲು ಭಯವಾಯಿತು. ಪುಸ್ತಕದಲ್ಲಿ ಮಾತ್ರ ನಾಲ್ಕು ತಿಂಗಳೂ ಕಿತ್ತಿದ್ದೇನೆ ಎಂದೇ ಬರೆದ.

ಆ ವರ್ಷ ಆಗಸ್ಟ್ ತಿಂಗಳಲ್ಲಿ ಚಳವಳಿಯ ಗಲಾಟೆ ಶುರುವಾಯಿತು. ಅಲ್ಲಲ್ಲಿ ತಂತಿ ಕತ್ತರಿಸುತ್ತಿದ್ದಾರೆಂದು ಊರೂರಿನಲ್ಲೂ ಮಾತು. ಅದೇ ಹೊತ್ತಿಗೆ ಎರಡು ದಿನ ಜಡಿಮಳೆ ಹಿಡಿದು ಶ್ರೀನಿವಾಸಪುರದ ತಂತಿ ನಿಂತುಹೋಯಿತು. ಪೆದ್ದಪ್ಪ ಕಂಬ ಕಂಬವನ್ನೂ ನೋಡಿಕೊಂಡು ಹೋಳೂರಿಗೆ ಬರುವಷ್ಟರಲ್ಲಿ ಪೊಲೀಸ್ ಇನ್‌ಸ್ಪೆಕ್ಟರು ಅಲ್ಲಿ ನಿಂತಿದ್ದರು. ಕಂಬದ ಎದುರಿಗೇ ಸೊಣ್ಣಪ್ಪನ ಕುಲುಮೆ. ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಸೊಣ್ಣಪ್ಪ ಚರಕಗಳಿಗೆ ಪುಕ್ಕಟೆಯಾಗಿ ಕದಿರು ಬಡಿದುಕೊಡುತ್ತಿದ್ದ. ಖಾದಿ ಟೋಪಿಯನ್ನೂ ಹಾಕುತ್ತಿದ್ದ. ಕುಲುಮೆಯಲ್ಲಿ ತಂತಿಯ ಚೂರುಗಳು ಇದ್ದೇ ಇದ್ದವು.

ಪೆದ್ದಪ್ಪ ಏಣಿ ಹತ್ತಿದ. ಗೂಡು ಪಕ್ಕಕ್ಕೆ ವಾಲಿತ್ತು. ಮರಿಗಳು ಎಂದೋ ಹಾರಿಹೋಗಿದ್ದವು. ಗೂಡಿನೊಳಗಿಂದ ಹೊರಚಾಚಿದ ಮೊಳದುದ್ದದ ತುಂಡೊಂದು ಎರಡೂ ತಂತಿಗಳ ಮೇಲೆ ಮಲಗಿತ್ತು. ಅದು ತನ್ನ ಚೀಲದ ಕಟ್ಟುತಂತಿಯೇ ಎಂದು ಅವನಿಗೆ ನೋಡಿದೊಡನೆ ತಿಳಿಯಿತು. ಪುಸ್ತಕದಲ್ಲಿ ಬರೆದ ಸುಳ್ಳು ನೆನಪಾಯಿತು. ಹಾಗೇ ಗೂಡನ್ನು ಆಚೆ ಬದಿಯ ಲಂಟಾನದ ಪೊದೆಗೆ ತಳ್ಳಿ, ಆ ಒಂದು ತುಂಡನ್ನು ಹಿಡಿದು ಕೆಳಗಿಳಿದ.

“ಇದನ್ನ ಯಾರೋ ಎಸೆದಿರೋದಲ್ವೇನಯ್ಯಾ?” ಎಂದು ಇನ್‌ಸ್ಪೆಕ್ಟರು ಕೇಳಿದರು.

“ಇರಬೋದು ಸ್ವಾಮಿ,” ಎಂದ ಪೆದ್ದಪ್ಪ.

ಅವನು ಆಡಿದ್ದು ಇಷ್ಟೇ. ಇನ್‌ಸ್ಪೆಕ್ಟರು ಬರೆದುಕೊಂಡಿದ್ದರ ಕೆಳಗೆ ರುಜು ಹಾಕಿದ. ಸಂಜೆಯೊಳಗೆ ಸೊಣ್ಣಪ್ಪನನ್ನು ಕರೆದುಕೊಂಡು ಹೋದರು. ಆರು ತಿಂಗಳ ಸಜೆಯಾಯಿತು.

ಆಮೇಲೆ ಪೆದ್ದಪ್ಪನಿಗೆ ಆ ದಾರಿ ತುಳಿಯುವುದೇ ಕಷ್ಟವಾಯಿತು. ಹಿಂದೆಲ್ಲ ಬಿಸಿಲ ಹೊತ್ತಿನಲ್ಲಿ ಕುಲುಮೆಯ ಮುಂದೆ ಕೂತು ಸೊಣ್ಣಪ್ಪನ ಹೆಂಡತಿ ದೊಡ್ಡಮುನಿಯಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದವನು ಈಗ ತಲೆ ತಗ್ಗಿಸಿಕೊಂಡು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದ. ಒಂದು ದಿನ ಅವಳೇ ಅಡ್ಡ ಬಂದು ನಿಲ್ಲಿಸಿದಳು. ಬೈಯುತ್ತಾಳೆಂದುಕೊಂಡ. ಅವಳು ಹುರಿಹಿಟ್ಟಿನ ಗಂಟು ಕೊಟ್ಟು, ಕೋಲಾರಕ್ಕೆ ಹೋಗುವವನು ನೀನು, ಜೈಲಿನಲ್ಲಿ ಕೊಟ್ಟು ಬಾ ಅಣ್ಣಾ ಎಂದಳು. ಒಲ್ಲೆ ಎನ್ನಲಾಗಲಿಲ್ಲ.

ಜೈಲಿನ ಕಂಬಿಯಾಚೆ ನಿಂತ ಸೊಣ್ಣಪ್ಪ ಸೊರಗಿಹೋಗಿದ್ದ. ಮನೆ, ಮಕ್ಕಳು, ಕುಲುಮೆ ಎಂದು ಎಲ್ಲ ವಿಚಾರಿಸಿಕೊಂಡ ಮೇಲೆ, “ಪೆದ್ದಪ್ಪಣ್ಣಾ, ಮೇಲೆ ಹತ್ತಿ ನೋಡ್ದೋನು ನೀನು. ಏನಿತ್ತಣ್ಣಾ ಅಲ್ಲಿ?” ಎಂದು ಕೇಳಿದ.

“ತಂತಿ,” ಎಂದ ಪೆದ್ದಪ್ಪ. ಸೊಣ್ಣಪ್ಪ ಅವನ ಮುಖವನ್ನೇ ನೋಡುತ್ತಾ ನಿಂತ.

ಬಿಡುಗಡೆಯಾಗಿ ಬಂದ ಸೊಣ್ಣಪ್ಪನಿಗೆ ಮೊದಲಿನ ಹಾಗೆ ಸುತ್ತಿಗೆ ಎತ್ತಲು ತ್ರಾಣವಿರಲಿಲ್ಲ. ಎದೆಯಲ್ಲಿ ಕೆಮ್ಮು ಕೂತಿತ್ತು. ಜನ ಮಾತ್ರ ತಂತಿ ಕತ್ತರಿಸಿದ ಧೀರನೆಂದು ಅವನನ್ನು ಕೊಂಡಾಡಿದರು. ನಲವತ್ತೇಳರ ದೀಪಾವಳಿ ಕಳೆದ ಮೇಲೆ, ಜೈಲಿಗೆ ಹೋಗಿಬಂದವರಿಗೆ ಹಾರ ಹಾಕುವ ಸಭೆ ಹೋಳೂರಿನ ಶಾಲೆಯಲ್ಲಿ ಏರ್ಪಾಡಾಯಿತು. ಹಿಂದಿನ ದಿನ ಪೆದ್ದಪ್ಪ ಕುಲುಮೆಗೆ ಹೋದ. ಐದು ವರ್ಷದಿಂದ ಬಚ್ಚಿಟ್ಟುಕೊಂಡಿದ್ದನ್ನು ಗೂಡಿನಿಂದ ಹಿಡಿದು ರುಜುವಿನವರೆಗೆ ಒಂದೇ ಉಸಿರಿಗೆ ಹೇಳಿದ. ಮುಖ ಎತ್ತುವ ಧೈರ್ಯವಾಗಲಿಲ್ಲ.

“ಗೊತ್ತು ಕಣಣ್ಣಾ,” ಎಂದ ಸೊಣ್ಣಪ್ಪ. “ಕುಲುಮೆಯಲ್ಲಿ ಕೂತ್ರೆ ಆ ಗೂಡು ನನಗೆ ದಿನಾ ಕಾಣ್ತಿತ್ತು. ‘ಕಾಗೆಗೂಡು ಸ್ವಾಮಿ, ಕಂಬ ಹತ್ತಿದೋನ್ನ ಕೇಳಿ’ ಅಂತ ಪೊಲೀಸರಿಗೆ ಹೇಳ್ದೆ. ಅವರು ನಿನ್ನ ರುಜು ತೋರಿಸಿದ್ರು.”

ಒಳಗೆ ದೊಡ್ಡಮುನಿಯಮ್ಮ ಪಾತ್ರೆ ತೊಳೆಯುತ್ತಿದ್ದಳು. ಹಾಗಾದರೆ ಹುರಿಹಿಟ್ಟು ಕೊಟ್ಟ ದಿನ ಇವಳಿಗೂ ಗೊತ್ತಿತ್ತೇ ಎಂದು ಪೆದ್ದಪ್ಪ ತಡವರಿಸುತ್ತಾ ಕೇಳಿದ. ಸೊಣ್ಣಪ್ಪ ಹೌದೆಂದು ತಲೆಯಾಡಿಸಿದ. ಗಂಡನ ಎದುರಿಗೆ ನಿಂತರೆ ಪೆದ್ದಪ್ಪ ತಾನೇ ಬಾಯಿಬಿಡುತ್ತಾನೆ ಎಂದು ಅವಳೇ ಅವನನ್ನು ಜೈಲಿಗೆ ಕಳಿಸಿದ್ದಳಂತೆ.

ನಾಳೆ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದ ಪೆದ್ದಪ್ಪ.

“ನಿನ್ನಿಷ್ಟ,” ಎಂದ ಸೊಣ್ಣಪ್ಪ. ಸ್ವಲ್ಪ ಹೊತ್ತು ಕೆಮ್ಮಿ, “ನಾನೂ ಇಷ್ಟು ವರ್ಷ ಜನ ಹೊಗಳಿದ್ದಕ್ಕೆ ಹ್ಞೂಂಗುಟ್ಟಿದೀನಿ. ನನಗೂ ಒಳಗೊಳಗೇ ನಾಚಿಕೇನೇ,” ಎಂದ.

ಮರುದಿನ ಪೆದ್ದಪ್ಪ ಸಭೆಯಲ್ಲಿ ಎದ್ದು ನಿಂತು ಹೇಳಿದ. ಅರ್ಧ ಜನಕ್ಕೆ ಕೇಳಿಸಲಿಲ್ಲ. ಕೇಳಿಸಿದವರಲ್ಲಿ ಕೆಲವರು ನಕ್ಕರು. ಹಿರಿಯರೊಬ್ಬರು ಒಳ್ಳೆಯ ದಿನ ಇಂಥ ಮಾತೇಕೆ ಎಂದು ಗದರಿ ಕೂರಿಸಿದರು. ಸೊಣ್ಣಪ್ಪ ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಮನೆಗೆ ಹೋದ. ಅದು ಯಾರಿಗೂ ಅರ್ಥವಾಗಲಿಲ್ಲ.

ಪೆದ್ದಪ್ಪ ಆ ತಿಂಗಳೇ ಅರ್ಜಿ ಬರೆದು ಮಾಲೂರಿಗೆ ವರ್ಗ ಮಾಡಿಸಿಕೊಂಡ. ಅಲ್ಲಿಯೂ ಅವನು ಬಲು ನಂಬಿಗಸ್ತನೆಂದು ಹೆಸರಾಯಿತು. ಯಾರಾದರೂ ಹಾಗೆಂದಾಗಲೆಲ್ಲ ಅವನು ಮೈ ಮುದುಡಿಕೊಂಡು, ಏನೋ ಕೆಲಸದ ನೆಪ ಮಾಡಿ ಅಲ್ಲಿಂದ ಎದ್ದುಹೋಗುತ್ತಿದ್ದ. ಅವನ ಹೆಂಡತಿ ಮುತ್ಯಾಲಮ್ಮ ಅದನ್ನು ಸಂಕೋಚದ ಸ್ವಭಾವವೆಂದೇ ಕೊನೆಯವರೆಗೂ ತಿಳಿದಿದ್ದಳು.