ದಬ್ಬಣ ಹೊಲಿದ ಬ್ಯಾಕ್ಟೀರಿಯಾ

ಬೀದಿಯವರೆಲ್ಲ ಅವನನ್ನು ದಬ್ಬಣ ಎಂದೇ ಕರೆಯುತ್ತಿದ್ದರು. ಆಳೂ ಹಾಗೇ ಇದ್ದ: ನೀಳ, ತೆಳ್ಳಗೆ, ತಲೆ ಮಾತ್ರ ಕೊಂಚ ಸಣ್ಣದು. ಅದು ಸಾಲದು ಅಂತ ದಾರ ಪೋಣಿಸಿದ ದಬ್ಬಣವೊಂದು ಸದಾ ಅವನ ಅಂಗಿಯ ಕಾಲರಿಗೆ ಚುಚ್ಚಿಕೊಂಡಿರುತ್ತಿತ್ತು. ನಲವತ್ತು ವರ್ಷದಿಂದ ಅವನದು ಸೀಟು ಹೊಲಿಯುವ ಕೆಲಸ. ಸ್ಕೂಟರಿನ ಸೀಟು, ಬಸ್ಸಿನ ಸೀಟು, ಕ್ಷೌರದಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರ ಒರಗುಕುರ್ಚಿ, ಆಫೀಸುಗಳ ತಿರುಗುಕುರ್ಚಿ. ಊರಿನ ಅರ್ಧ ಜನ ಕೂರುವುದು ನನ್ನ ಹೊಲಿಗೆಯ ಮೇಲೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಉಳಿದರ್ಧ ಜನ ನಿಂತೇ ಇರ್ತಾರಾ ಎಂದು ಹೆಂಡತಿ ಕೇಳುತ್ತಿದ್ದಳು.

ಒಂದು ಸೋಮವಾರ ಮಧ್ಯಾಹ್ನ ಅಕ್ಕನ ಮಗಳು ಕಾಲೇಜಿನಿಂದ ನೇರ ಅಂಗಡಿಗೆ ಬಂದಳು. ಅವಳು ಅಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುವ ಮೇಡಂ. ಬಂದವಳೇ ಫೋಮ್ ಹಾಳೆಗಳ ಅಟ್ಟಿಯ ಮೇಲೆ ಕೂತು, ಒಂದು ದಪ್ಪ ಪುಸ್ತಕ ತೆರೆದು ಚಿತ್ರ ತೋರಿಸಿದಳು. ದಬ್ಬಣ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ನೋಡಿದ.

"ಸೌತೆಕಾಯಿಗೆ ಬಾಲ ಬಂದಿದೆಯಲ್ಲೇ" ಎಂದ.

"ಬ್ಯಾಕ್ಟೀರಿಯಾ, ಮಾವ. ಇದನ್ನ ನೀವು ಹೊಲಿದುಕೊಡಬೇಕು."

ವಿಷಯ ಇಷ್ಟು. ಅವಳ ಮೊದಲ ವರ್ಷದ ತರಗತಿಯಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಳು. ಕೇಳಿದ್ದಕ್ಕೆಲ್ಲ ಇನ್ನೊಂದು ಪ್ರಶ್ನೆ ಹಾಕುತ್ತಿದ್ದುದರಿಂದ ಜೊತೆಯವರು ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರು ಹಿಡಿಸಿತ್ತು. ಉಳಿದವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಚಿತ್ರ ಬರೆಯುತ್ತಾರೆ. ಇವಳಿಗೆ ಬರೀ ಮಾತು. ಜೀವಕೋಶಕ್ಕೆ ಗೋಡೆಯೂ ಇದೆ, ಪೊರೆಯೂ ಇದೆ ಅಂತೀರಿ, ಒಂದಿದ್ದರೆ ಸಾಲದೇ ಎಂದು ಹಿಂದಿನ ವಾರ ಕೇಳಿದ್ದಳಂತೆ. ಮೇಡಂ ಮೂರು ಥರ ವಿವರಿಸಿದರೂ ಹುಡುಗಿಯ ಮುಖ ಬಿಚ್ಚಿಕೊಳ್ಳಲಿಲ್ಲ. ಮಣ್ಣಿನಲ್ಲಿ ಮಾಡಿದ್ದು ಒಣಗಿ ಬಿರಿಯಿತು, ಥರ್ಮಾಕೋಲಿನದು ಮುಟ್ಟಿ ಮುಟ್ಟಿ ಉದುರಿಹೋಯಿತು.

ದಬ್ಬಣ ಗಿರಾಕಿಗಳನ್ನು ಕೇಳುವ ಹಾಗೇ ಕೇಳತೊಡಗಿದ. ಹೊರಗಿನ ಬಟ್ಟೆ ಯಾವುದು? ಒಳಗೆ ಲೈನಿಂಗ್ ಇದೆಯೇ? ಭಾರ ತಡೆಯುವುದು ಯಾವುದು? ಅಕ್ಕನ ಮಗಳು ಒಂದೊಂದಾಗಿ ಹೇಳಿದಳು. ಒಳಗಡೆ ತೆಳು ಪೊರೆ. ಯಾರನ್ನು ಒಳಕ್ಕೆ ಬಿಡಬೇಕು, ಯಾರನ್ನು ಹೊರಗಟ್ಟಬೇಕು ಎಂದು ನೋಡಿಕೊಳ್ಳುವುದು ಅದೇ. ಅದರ ಮೇಲೆ ಗೋಡೆ. ಹೆಸರಿಗೆ ಗೋಡೆಯೇ ಹೊರತು ನಿಜಕ್ಕೂ ಒಂದು ಬಲೆ, ಎಳೆಗೆ ಎಳೆ ಅಡ್ಡ ಹೆಣೆದದ್ದು. ಆಕಾರ ನಿಲ್ಲಿಸುವುದು ಅದು. ಕರುಳಿನಲ್ಲಿರುವ ಈ ಜಾತಿಗೆ ಅದರ ಮೇಲೆ ಇನ್ನೂ ಒಂದು ಪೊರೆ. ಬೇರೆ ಕೆಲವಕ್ಕೆ ಹೊರಪೊರೆ ಇಲ್ಲ, ಬಲೆಯೇ ಪದರ ಪದರವಾಗಿ ದಪ್ಪ.

"ಅಂದ್ರೆ ಲೈನಿಂಗು, ಕ್ಯಾನ್ವಾಸು, ಮೇಲುಹೊದಿಕೆ" ಎಂದ ದಬ್ಬಣ. "ನಲವತ್ತು ವರ್ಷದಿಂದ ಇದೇ ಹೊಲೀತಿದೀನಲ್ಲೇ."

ಉದ್ದ ಒಂದೂಕಾಲು ಮೀಟರಿಗೆ ಸ್ವಲ್ಪ ಕಡಿಮೆ, ನೂರಿಪ್ಪತ್ತು ಸೆಂಟಿಮೀಟರ್ ಇರಲಿ ಎಂದು ಅವನೇ ತೀರ್ಮಾನಿಸಿದ. ನಿಜವಾದದ್ದು ಎಷ್ಟಿರುತ್ತದೆ ಎಂದು ಕೇಳಿದ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ಎಂದಳು ಅವಳು. ಹಾಗಾದರೆ ಇದು ಆರು ಲಕ್ಷ ಪಟ್ಟು ದೊಡ್ಡದು. ಅಲ್ಲಿಗೆ ಬಿಟ್ಟಿದ್ದರೆ ಕೆಲಸ ಎರಡು ದಿನದಲ್ಲಿ ಮುಗಿಯುತ್ತಿತ್ತು. ಆದರೆ ದಬ್ಬಣ ಅಳತೆಯ ಮನುಷ್ಯ. ಅಳತೆ ಅಂದ ಮೇಲೆ ಎಲ್ಲದಕ್ಕೂ ಒಂದೇ ಅಳತೆ, ಪುಸ್ತಕದವರು ಬರೆದ ಹಾಗೆ ಮನಸ್ಸಿಗೆ ಬಂದಷ್ಟು ಎಳೆಯುವುದು ನನ್ನಿಂದಾಗದು ಎಂದು ಪಟ್ಟು ಹಿಡಿದ.

ಅಕ್ಕನ ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕುತ್ತ ಹೋದಳು. ಪೊರೆಯ ದಪ್ಪ ಆರು ಲಕ್ಷ ಪಟ್ಟಾದರೆ ಹೆಚ್ಚುಕಡಿಮೆ ಐದು ಮಿಲಿಮೀಟರ್. ದಬ್ಬಣ ತಿರುಗಿ ನೋಡಿದ. ಐದು ಮಿಲಿಮೀಟರಿನ ಫೋಮ್ ಸುರುಳಿ ಬೆನ್ನ ಹಿಂದೆಯೇ ನಿಂತಿತ್ತು. ಒಳಗಿರುವ ರೈಬೋಸೋಮ್‌ಗಳು, ಅಂದರೆ ಪ್ರೋಟೀನು ತಯಾರಿಸುವ ಕಾಳುಗಳು, ಹನ್ನೆರಡು ಮಿಲಿಮೀಟರ್. ಸೋಫಾಕ್ಕೆ ಹಾಕುವ ಸಣ್ಣ ಗುಂಡಿಯ ಅಳತೆ. ಡಬ್ಬದ ತುಂಬ ಇದ್ದವು. ವಂಶವಾಹಿ ದಾರ, ಆ ಡಿಎನ್ಎ, ಒಂದು ಮಿಲಿಮೀಟರಿಗಿಂತ ಚೂರು ದಪ್ಪ. ಚರ್ಮ ಹೊಲಿಯುವ ಮೇಣದ ದಾರ! ದಬ್ಬಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಕಣ್ಣಿಗೆ ಕಾಣದ ಜೀವಿಯನ್ನು ಯಾರೋ ತನ್ನ ಅಂಗಡಿಯ ಸಾಮಾನಿನಿಂದಲೇ ಕಟ್ಟಿದ ಹಾಗಿತ್ತು.

"ದಾರ ಎಷ್ಟುದ್ದ?" ಎಂದು ಕೇಳಿದ.

ಅವಳು ಎರಡು ಸಲ ಲೆಕ್ಕ ಹಾಕಿದಳು. ಮೈಯುದ್ದದ ಎಂಟುನೂರು ಪಟ್ಟು. "ಒಂಬೈನೂರ ಅರವತ್ತು ಮೀಟರ್, ಮಾವ. ಅದೂ ಒಂದೇ ದಾರ, ತುದಿಗೆ ತುದಿ ಸೇರಿ ಸುತ್ತು ಆಗಿರಬೇಕು."

"ಅದಕ್ಕೊಂದು ಚೀಲ ಬೇಕಲ್ಲ ಒಳಗೆ?"

"ಚೀಲ ಇಲ್ಲ. ನಮ್ಮ ಜೀವಕೋಶದಲ್ಲಿ ಅದಕ್ಕೊಂದು ಕೋಣೆ ಇರುತ್ತೆ, ಕೋಶಕೇಂದ್ರ ಅಂತ. ಇದರಲ್ಲಿ ಕೋಣೆನೇ ಇಲ್ಲ. ಎಲ್ಲ ಒಂದೇ ಹಜಾರದಲ್ಲಿ."

ದಬ್ಬಣ ಆ ವಾರ ಬೇರೆ ಕೆಲಸ ಹಿಡಿಯಲಿಲ್ಲ. ಇನ್ನೂರೈವತ್ತು ಮೀಟರಿನ ನಾಲ್ಕು ಉಂಡೆ ಬಿಚ್ಚಿ, ಕಡೆಯದರಲ್ಲಿ ನಲವತ್ತು ಮೀಟರ್ ಕತ್ತರಿಸಿ, ನಾಲ್ಕನ್ನೂ ತುದಿಗೆ ತುದಿ ಗಂಟು ಹಾಕಿ ಸುತ್ತು ಮಾಡಿದ. ಮೊದಲು ಸುಮ್ಮನೆ ರಾಶಿ ಹಾಕಿದಾಗ ಅದು ಅಂಗಡಿಯ ಅರ್ಧ ನೆಲ ನುಂಗಿತು. ಹೆಂಡತಿ ಚಹಾ ತಂದವಳು ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಗಂಡನ ವಂಶವನ್ನೇ ನೆನೆದಳು. ಬ್ಯಾಕ್ಟೀರಿಯಾ ಅದನ್ನು ಹುರಿಯ ಮೇಲೆ ಹುರಿ ಹಾಕಿ ಮುದುರುತ್ತದೆ ಎಂದು ಅಕ್ಕನ ಮಗಳು ಫೋನಿನಲ್ಲಿ ತಿಳಿಸಿದಳು. ಹುರಿ ಹೆಚ್ಚಾದ ದಾರ ತಾನಾಗಿ ಸುರುಳಿಗಟ್ಟುವುದನ್ನು ದಬ್ಬಣ ಜೀವಮಾನವೆಲ್ಲ ಬೈದುಕೊಂಡೇ ಬಂದವನು. ಈಗ ಬೇಕೆಂದೇ ಹುರಿ ಹಾಕಿದ. ಸುಮಾರು ಒಂದು ಕಿಲೋಮೀಟರ್ ದಾರ ಎರಡು ಬೊಗಸೆಯಲ್ಲಿ ಹಿಡಿಯುವ ಉಂಡೆಯಾಯಿತು. ಅವನು ಅದನ್ನು ಎತ್ತಿ ಹಿಡಿದು ಎದುರಂಗಡಿಯ ಸೈಕಲ್ ರಿಪೇರಿಯವನಿಗೂ ತೋರಿಸಿ ಬಂದ.

ಬಾಲದ ವಿಷಯದಲ್ಲಿ ಮಾತ್ರ ತಕರಾರಾಯಿತು. ಲೆಕ್ಕದ ಪ್ರಕಾರ ಒಂದೊಂದು ಬಾಲವೂ ಆರು ಮೀಟರ್. ಪುಸ್ತಕದವರು ಜಾಗ ಸಾಲದೆ ಮೋಟು ಮಾಡಿದ್ದರು. ದಬ್ಬಣ ಬೆರಳು ದಪ್ಪದ ಹಗ್ಗ ತಂದು ನಾಲ್ಕು ಕಡೆ ಗಟ್ಟಿಯಾಗಿ ಹೊಲಿದ. ಅಕ್ಕನ ಮಗಳು ಬಂದು ನೋಡಿ, ಇದು ಚಾಟಿಯ ಹಾಗೆ ಬೀಸುವುದಲ್ಲ, ಬುಡದಿಂದ ಗರಗರ ತಿರುಗುತ್ತದೆ ಎಂದಳು.

ದಬ್ಬಣ ಒಪ್ಪಲಿಲ್ಲ. ಹೊಲಿದದ್ದು ತಿರುಗಿದರೆ ನಾಲ್ಕು ಸುತ್ತಿಗೆ ಬಟ್ಟೆ ಮುರಿಗೊಂಡು ಹರಿಯುತ್ತದೆ. ತಿರುಗುವುದೇ ನಿಜವಾದರೆ ಅಲ್ಲಿ ಹೊಲಿಗೆ ಇರಲು ಸಾಧ್ಯವಿಲ್ಲ, ಬೇರಿಂಗ್ ಇರಲೇಬೇಕು ಎಂದು ವಾದಿಸಿದ. ಅವಳು ಸುಮ್ಮನೆ ಪುಸ್ತಕದ ಇನ್ನೊಂದು ಪುಟ ತೆರೆದು ಅವನ ಮುಂದೆ ಹಿಡಿದಳು. ಬಾಲದ ಬುಡದಲ್ಲಿ ಒಂದು ಕಡ್ಡಿ, ಕಡ್ಡಿಯ ಸುತ್ತ ಉಂಗುರಗಳು: ಒಳಪೊರೆಯಲ್ಲಿ ಒಂದು, ಗೋಡೆಯಲ್ಲಿ ಒಂದು, ಹೊರಪೊರೆಯಲ್ಲಿ ಒಂದು.

ದಬ್ಬಣ ಬಹಳ ಹೊತ್ತು ಆ ಚಿತ್ರ ನೋಡಿದ. ಆಮೇಲೆ ಎದ್ದು ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಿರುಗುಕುರ್ಚಿಗಳ ಚಕ್ರ ಕಳಚಿ, ಅವುಗಳ ಬೇರಿಂಗ್ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. "ಇಷ್ಟು ಚಿಕ್ಕ ಜಾಗದಲ್ಲಿ ಇದನ್ನ ಕೂರಿಸಿದವನ ಕೈಗೆ ನಮಸ್ಕಾರ" ಎಂದ.

ಶುಕ್ರವಾರ ಬೆಳಗ್ಗೆ ಎಡವಟ್ಟಾಯಿತು. ಬಲೆಯ ಎರಡು ತುಂಡು ಕೂಡುವಲ್ಲಿ ಅವನು ಒಂದೇ ಸಾಲು ಹೊಲಿದು, ಅಡ್ಡ ಹೆಣಿಗೆ ಆಮೇಲೆ ಹಾಕೋಣ ಎಂದು ಬಿಟ್ಟಿದ್ದ. ಅಷ್ಟರಲ್ಲಿ ಯಾರೋ ಸ್ಕೂಟರ್ ತಂದರು, ಮುಂದಿನ ವಾರ ಬನ್ನಿ ಎಂದು ಅವರನ್ನು ಸಾಗಹಾಕುವುದರಲ್ಲಿ ಮರೆತುಹೋಯಿತು. ಸೀಟಿನ ಅಭ್ಯಾಸದಂತೆ ಹತ್ತಿಯನ್ನು ಗಿಡಿದು ತುಂಬಿ, ಮೊಣಕಾಲೂರಿ ಮೇಲುಹೊದಿಕೆಯ ಜಿಪ್ ಎಳೆಯುವಾಗ ಪಟಪಟ ಎಂದು ಹೊಲಿಗೆ ಬಿಟ್ಟಿತು. ಒಳಪೊರೆ ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಹೊರಬಂದು, ಬಿರಿದು, ಗುಂಡಿಗಳೆಲ್ಲ ನೆಲದ ಮೇಲೆ ಉರುಳಾಡಿದವು. ನಲವತ್ತು ವರ್ಷದಲ್ಲಿ ಅವನ ಹೊಲಿಗೆ ಹೀಗೆ ಬಾಯಿಬಿಟ್ಟದ್ದಿಲ್ಲ. ಅದೇ ಗಳಿಗೆಗೆ ಅಕ್ಕನ ಮಗಳು ಬಾಗಿಲಲ್ಲಿ ನಿಂತಿದ್ದಳು. ದಬ್ಬಣನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಅವಳು ಬ್ಯಾಗು ಕೆಳಗಿಟ್ಟು, ಹರಿದ ಜಾಗಕ್ಕೆ ಬೆರಳು ಹಾಕಿ ನೋಡಿದಳು. ಅವಳ ಮುಖ ಅರಳಿತ್ತು.

"ಮಾವ, ಇದನ್ನ ಮುಚ್ಚಬೇಡಿ. ಪೆನ್ಸಿಲಿನ್ ಜಾತಿಯ ಔಷಧಿ ಮಾಡೋದು ಇದನ್ನೇ."

ಬ್ಯಾಕ್ಟೀರಿಯಾ ಬೆಳೆಯುವಾಗ ಬಲೆಯನ್ನು ಅಲ್ಲಲ್ಲಿ ಬಿಚ್ಚಿ, ಹೊಸ ಎಳೆ ಸೇರಿಸಿ, ಅಡ್ಡ ಹೆಣಿಗೆ ಹಾಕುತ್ತಲೇ ಇರುತ್ತದಂತೆ. ಔಷಧಿ ಆ ಅಡ್ಡ ಹೆಣಿಗೆ ಹಾಕುವ ಕೈಯನ್ನು ಹಿಡಿದುಬಿಡುತ್ತದೆ. ಬಿಚ್ಚುವ ಕೆಲಸ ನಡೆದೇ ಇರುತ್ತದೆ, ಹೊಲಿಯುವ ಕೆಲಸ ನಿಲ್ಲುತ್ತದೆ. ಒಳಗಿನಿಂದ ನೀರಿನ ಒತ್ತಡ ಗುದ್ದುತ್ತಿರುತ್ತದೆ. ಕೊನೆಗೆ ಹೀಗೆ.

ದಬ್ಬಣ ಮಣೆಯ ಮೇಲೆ ಕೂತ. ಎಡ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಹತ್ತೊಂಬತ್ತರ ವಯಸ್ಸಿನಲ್ಲಿ, ಕೆಲಸ ಕಲಿಯುವಾಗ, ಬಾಗಿದ ಸೂಜಿಯೊಂದು ಅಲ್ಲಿ ಆಳವಾಗಿ ಇಳಿದಿತ್ತು. ಮೂರನೆಯ ದಿನಕ್ಕೆ ಕೈ ಮೊಣಕೈವರೆಗೆ ಬಾತು, ಜ್ವರ ಏರಿ, ಕೈ ಉಳಿಯುತ್ತದೋ ಇಲ್ಲವೋ ಎಂದು ಅವನ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಹತ್ತು ದಿನ ಪೆನ್ಸಿಲಿನ್ ಇಂಜೆಕ್ಷನ್ ಚುಚ್ಚಿದರು. ಬಾವು ಇಳಿಯಿತು. ಔಷಧಿ ಒಳಗೆ ಹೋಗಿ ಏನು ಮಾಡಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

"ಹಾಗಾದ್ರೆ ಆವತ್ತು ನನ್ನ ಕೈಯೊಳಗೆ ನಡೆದದ್ದು ಇದೇನಾ?"

"ಕೋಟಿಗಟ್ಟಲೆ ಹೊಲಿಗೆ ಬಿಟ್ಟಿರಬೇಕು, ಮಾವ."

"ಮತ್ತೆ ನನ್ನ ಮೈ ಯಾಕೆ ಹರೀಲಿಲ್ಲ?"

"ನಮ್ಮ ಜೀವಕೋಶಕ್ಕೆ ಈ ಗೋಡೆನೇ ಇಲ್ಲವಲ್ಲ. ಇಲ್ಲದ ಹೊಲಿಗೆಯನ್ನ ಅದು ಹೇಗೆ ಬಿಚ್ಚಬೇಕು?"

ದಬ್ಬಣ ಜೋರಾಗಿ ನಕ್ಕುಬಿಟ್ಟ. ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿಗೆ ಅದನ್ನೇ ಎರಡು ಸಲ ಹೇಳಿದ. ಅವಳು ಮೊದಲ ಬಾರಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದಳು. ಸಂಜೆಯೊಳಗೆ ಅವನು ಬಲೆಯನ್ನು ಸರಿಪಡಿಸಿ, ಆ ಒಂದು ಕೂಡು ಮಾತ್ರ ವೆಲ್ಕ್ರೋ ಪಟ್ಟಿಯಿಂದ ಮಾಡಿದ. ಎಳೆದರೆ ಚರ್ ಎಂದು ಬಿಟ್ಟು, ಒಳಪೊರೆ ಉಬ್ಬಿ ಬರಬೇಕು, ಮತ್ತೆ ಒತ್ತಿದರೆ ಮುಚ್ಚಬೇಕು.

ಸೋಮವಾರ ಅದನ್ನು ಸಾಮಾನಿನ ಗಾಡಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೊರಟರು. ಬಾಲಗಳು ರಸ್ತೆಗೆ ಬೀಳದಂತೆ ಹೆಂಡತಿ ನಾಲ್ಕನ್ನೂ ಮಡಿಲಲ್ಲಿ ಸುತ್ತಿಕೊಂಡು ಕೂತಿದ್ದಳು. ದಾರಿಯಲ್ಲಿ ಪರಿಚಯದವರೊಬ್ಬರು ಇದೇನ್ರೀ ಎಂದು ಕೇಳಿದ್ದಕ್ಕೆ ದಬ್ಬಣ, "ನಿಮ್ಮ ಹೊಟ್ಟೇಲಿರೋದು" ಎಂದು ಹೇಳಿ ಗಾಡಿ ಮುಂದಕ್ಕೆ ಹೊಡೆಸಿದ.

ತರಗತಿಯಲ್ಲಿ ಪ್ರಶ್ನೆಪತ್ರಿಕೆ ಆ ಮೈಯನ್ನು ತುದಿಯಿಂದ ತುದಿಗೆ ಸವರಿದಳು. ಹೊರಪೊರೆಯ ಜಿಪ್ ತೆರೆದಳು, ಬಲೆಯ ಕಣ್ಣುಗಳನ್ನು ಎಣಿಸುವವಳಂತೆ ಮುಟ್ಟಿದಳು, ಅದರೊಳಗೆ ಮೆತ್ತನೆಯ ಪೊರೆಯನ್ನು ಹಿಡಿದು ಹಿಂಡಿದಳು. ದಬ್ಬಣ ಅವಳ ಕೈಯನ್ನು ವೆಲ್ಕ್ರೋ ಪಟ್ಟಿಗೆ ತಂದು ಬಿಟ್ಟ. ಅವಳು ಎಳೆದಳು. ಒಳಪೊರೆ ಉಬ್ಬಿ ಅವಳ ಅಂಗೈ ತುಂಬಿತು.

"ಗೋಡೆ ಇಲ್ಲದಿದ್ರೆ ಪೊರೆಗೆ ತಡೆಯೋಕಾಗಲ್ಲ" ಎಂದಳು ಮೆಲ್ಲಗೆ. "ಪೊರೆ ಇಲ್ಲದಿದ್ರೆ ಗೋಡೆ ಕಣ್ಣಿಂದ ಎಲ್ಲ ಸೋರಿಹೋಗುತ್ತೆ. ಅದಕ್ಕೇ ಎರಡೂ ಬೇಕು, ಮೇಡಂ."

ಮೇಡಂ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು. ಹಿಂದಿನ ಬೆಂಚಿನವರೆಲ್ಲ ಅಷ್ಟರಲ್ಲಿ ಮುಂದಕ್ಕೆ ನುಗ್ಗಿದ್ದರು. ಕಣ್ಣಿದ್ದವರಿಗೂ ಗೋಡೆ ಯಾಕೆ, ಪೊರೆ ಯಾಕೆ ಎಂಬುದು ಹೊಳೆದದ್ದು ಆವತ್ತೇ ಎಂದು ಆಮೇಲೆ ಒಪ್ಪಿಕೊಂಡರು.

ಹುಡುಗಿ ಬಿಡುವವಳಲ್ಲ. ದಾರದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯಲ್ಲಿ ಎಳೆ ಜಾರಿಸುತ್ತ ಕೂತವಳು, ಸ್ವಲ್ಪ ಹೊತ್ತಿಗೆ ನಿಲ್ಲಿಸಿದಳು. "ಮಾಸ್ಟರ್, ಇಲ್ಲೊಂದು ಗಂಟು ಸಿಕ್ತು. ನಿಜವಾದದ್ದರಲ್ಲಿ ಇರುತ್ತಾ?"

ತರಗತಿ ನಕ್ಕಿತು. ದಬ್ಬಣನ ಕಿವಿ ಬಿಸಿಯಾಯಿತು, ಆದರೆ ಸಿಟ್ಟು ಬರಲಿಲ್ಲ. ಅಷ್ಟು ಸಣ್ಣ ಗಂಟನ್ನು ಅವನಿಗೆ ಹೊಲಿಗೆ ಕಲಿಸಿದ ಗುರುವಿನ ಬೆರಳೂ ಹಿಡಿಯುತ್ತಿತ್ತೋ ಇಲ್ಲವೋ. ಅವನು ಕಾಲರಿನ ದಬ್ಬಣ ಕಿತ್ತು, ಅವಳ ಪಕ್ಕದಲ್ಲೇ ಕೂತು, ಗಂಟು ಬಿಡಿಸಿ, ಎರಡೂ ತುದಿಯ ಎಳೆ ಬಿಡಿಬಿಡಿ ಮಾಡಿ ಒಂದರೊಳಗೊಂದು ಹೆಣೆದು ಮೇಣ ತಿಕ್ಕಿದ. ಅವಳು ಸವರಿ ನೋಡಿ ತಲೆಯಾಡಿಸಿದಳು. ಉಳಿದ ಮೂರನ್ನೂ ಅವಳೇ ಹುಡುಕಿಕೊಟ್ಟಳು. ಈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಪ್ರತಿ ಸಲವೂ ಇಷ್ಟುದ್ದದ ದಾರಕ್ಕೆ ಇನ್ನೊಂದು ಪ್ರತಿ ಬೇಕು ಎಂದು ಮೇಡಂ ಹೇಳಿದಾಗ ದಬ್ಬಣ ಲೆಕ್ಕ ತಪ್ಪಿರಬೇಕು ಎಂದ. ತಪ್ಪಿರಲಿಲ್ಲ. ಒಂದು ಪ್ರತಿಗೆ ನಲವತ್ತು ನಿಮಿಷ ಹಿಡಿಯುತ್ತದೆ, ಅದಕ್ಕೇ ಒಂದು ಮುಗಿಯುವ ಮೊದಲೇ ಮುಂದಿನದನ್ನು ಶುರು ಹಚ್ಚಿಕೊಂಡಿರುತ್ತದೆ ಎಂದು ತಿಳಿದಾಗ ಅವನು ದಾರದ ಉಂಡೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

ತರಗತಿ ಮುಗಿದ ಮೇಲೆ ಅಕ್ಕನ ಮಗಳು ಅವನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ನೀರಿನ ಹನಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇಟ್ಟು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಪ್ರಶ್ನೆಪತ್ರಿಕೆಯೂ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೊದಲು ಅವನಿಗೆ ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಡ್ಡಿಯ ಪುಡಿಯಂಥದೇನೋ ಕಂಡು, ಅದು ಚಲಿಸತೊಡಗಿತು.

ಹುಡುಗಿ ಏನು ಕಾಣಿಸ್ತಿದೆ, ಹೇಳಿ ಎಂದಳು. ಬಾಲ ಮಾತ್ರ ಕಾಣ್ತಿಲ್ಲ ಎಂದ ಅವನು. ಒಂದು ನೆಟ್ಟಗೆ ಓಡುತ್ತಿದೆ, ಈಗ ನಿಂತಿತು, ನಿಂತಲ್ಲೇ ಬಿದ್ದು ಹೊರಳಾಡಿತು, ಈಗ ಇನ್ನೊಂದು ದಿಕ್ಕಿಗೆ ಓಡಿತು.

"ಓಡುವಾಗ ಬಾಲ ಎಲ್ಲ ಒಂದೇ ಕಡೆ ತಿರುಗಿ ಜಡೆಯಾಗಿರುತ್ತೆ, ಮಾಸ್ಟರ್. ಒಂದು ಉಲ್ಟಾ ತಿರುಗಿತೋ, ಜಡೆ ಬಿಚ್ಚುತ್ತೆ, ಹೊರಳುತ್ತೆ. ಇನ್ನೊಂದು ಹೇಳಿ."

ಅವನು ಇನ್ನೊಂದನ್ನು ಹಿಂಬಾಲಿಸಿ ಹೇಳಿದ. ಅವಳು ಯಾಕೆ ಎಂದು ವಿವರಿಸಿದಳು. ಹೀಗೆ ಒಬ್ಬರು ನೋಡುತ್ತ ಒಬ್ಬರು ಬಿಡಿಸಿ ಹೇಳುತ್ತ ಎಷ್ಟು ಹೊತ್ತಾಯಿತೋ. ಜವಾನ ಬೀಗದ ಕೈ ಕುಲುಕಿಸುತ್ತ ಎರಡು ಸಲ ಬಂದು ಹೋದ. ಹೊರಗೆ ಗಾಡಿಯವನು ಹಾರನ್ ಹೊಡೆದ. ಬಾಗಿಲಲ್ಲಿ ನಿಂತ ಹೆಂಡತಿ ಸ್ವಲ್ಪ ಹೊತ್ತು ಕಾದು ನೋಡಿ, ಕೊನೆಗೆ ಒಳಗೆ ಬಂದು, ನೀವು ಏಳದಿದ್ದರೆ ನನಗಾದರೂ ಒಂದು ಸಲ ತೋರಿಸಿ ಎಂದು ಇನ್ನೊಂದು ಸ್ಟೂಲು ಎಳೆದುಕೊಂಡಳು.