ಚಿಟ್ಟೆಯ ಗಾಜಿನ ಮೇಲೆ ನನ್ನ ರಕ್ತ

ಮೊದಲು ಕೆಟ್ಟದ್ದು ನಾಲಿಗೆ.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಅನ್ನ ಸಾರು ಬಾಯಿಗಿಟ್ಟೆ. ಉರಿಯಿತು. ಸಾರಿಗೆ ಖಾರ ಹೆಚ್ಚಾಗಿದೆ ಅಂದುಕೊಂಡೆ. ಮಾರನೆಯ ದಿನ ಬರೀ ಮೊಸರನ್ನ ತಂದೆ. ಅದೂ ಉರಿಯಿತು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಮುಬೀನಾ, "ನಾಲಿಗೆ ಚಾಚು, ನೋಡಣ" ಅಂದಳು. ಚಾಚಿದೆ.

"ಏನೇ ಇದು ಸರಸ್ವತಿ, ಎಣ್ಣೆ ಸವರಿದಂಗೆ ನುಣ್ಣಗೈತೆ! ಕೆಂಪಗೆ ಬೇರೆ. ಅತ್ತೆ ಜೊತೆ ಏನಾದ್ರೂ ಜಗಳಕ್ಕೆ ಹೋಗಿದ್ಯಾ?"

ಇಬ್ಬರೂ ನಕ್ಕೆವು. ನಾಲ್ಕು ತಿಂಗಳ ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಅವಳೇ ತೀರ್ಪು ಕೊಟ್ಟಳು.

ನಾನೂ ಮುಬೀನಾಳೂ ಶಿಡ್ಲಘಟ್ಟದ ಒಂದು ಗ್ರೈನೇಜಿನಲ್ಲಿ, ಅಂದರೆ ರೇಷ್ಮೆಹುಳುವಿನ ಬಿತ್ತನೆ ಮೊಟ್ಟೆ ತಯಾರಿಸುವ ಕಡೆ, ಮೈಕ್ರೋಸ್ಕೋಪಿನ ಮುಂದೆ ಕೂರುವವರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಪೊಟ್ಯಾಷ್ ನೀರು ಬೆರೆಸಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುವುದು ನಮ್ಮ ಕೆಲಸ. ಮೊಟ್ಟೆಯಾಕಾರದ, ಹೊಳೆಯುವ ಸಣ್ಣ ಕಣಗಳು ಕಂಡರೆ ಅದು ಗಂಟು ರೋಗ. ಆ ರೋಗ ತಾಯಿಯ ಹೊಟ್ಟೆಯಲ್ಲೇ ಮೊಟ್ಟೆಗೆ ಇಳಿದುಬಿಡುತ್ತದೆ. ಅಂಥ ತಾಯಿಯ ಮೊಟ್ಟೆಗಳನ್ನು ರೈತರಿಗೆ ಕೊಡುವಂತಿಲ್ಲ, ಸುಡಬೇಕು. ನಾವು 'ಫೇಲ್' ಎಂದು ಬರೆದು ಮೊಟ್ಟೆಯಿರುವ ಹಾಳೆಯನ್ನು ಪಕ್ಕಕ್ಕೆ ಸರಿಸುತ್ತೇವೆ. ನನ್ನ ಕಣ್ಣು ತಪ್ಪಿಸಿ ಒಂದು ಕಣವೂ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ.

ನಾಲಿಗೆ ಆದಮೇಲೆ ಕಾಲು. ನೆಲ ಮೆತ್ತಗಾಯಿತು. ಗ್ರೈನೇಜಿನ ಸಿಮೆಂಟು ನೆಲದ ಮೇಲೆ ನಡೆದರೂ ಹಾಸಿಗೆಯ ಮೇಲೆ ನಡೆದಂತೆ. ಪಾದದಲ್ಲಿ ಸದಾ ಜುಮುಜುಮು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಕಿವಿಯಲ್ಲಿ ಒಂದು ಸಣ್ಣ ಸದ್ದು ಏಳುತ್ತಿತ್ತು. ಸಾದಲಿಯ ಅತ್ತೆಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ, ತಟ್ಟೆಗಳಲ್ಲಿ ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಕೇಳುತ್ತದೆ. ಥೇಟ್ ಅದೇ. ಅದನ್ನು ಕೇಳುತ್ತ ಕಣ್ಣು ಮುಚ್ಚಿದರೆ ನಾನು ಎಲ್ಲಿದ್ದೇನೆಂದು ಮರೆಯುತ್ತಿತ್ತು. ಎಲ್ಲರೂ ದೂರ ಹೋದಂತೆ, ಯಾರೋ ನನ್ನನ್ನು ನಿಧಾನವಾಗಿ ನೀರಿನಲ್ಲಿ ತೇಲಿಬಿಟ್ಟಂತೆ. ನಿಜ ಹೇಳಬೇಕೆಂದರೆ ಅದು ಹಿತವಾಗಿಯೇ ಇತ್ತು.

ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಅತ್ತೆ ಊರು ಬಿಟ್ಟು ಬಂದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದರು. ಅವರ ಪಥ್ಯ ಬಲು ಬಿಗಿ. ಸೊಪ್ಪು ಶೀತ, ಮುಟ್ಟುವಂತಿಲ್ಲ. ಹಣ್ಣು ವಾಯು. ನನಗೋ ಏನು ತಿಂದರೂ ವಾಂತಿ. ಮೊದಲ ಮೂರು ತಿಂಗಳು ಗಂಜಿ, ನೀರುಮಜ್ಜಿಗೆಯಲ್ಲೇ ಕಳೆದೆ. ನನ್ನ ಗಂಡ ನಾರಾಯಣಸ್ವಾಮಿ ಕರೆಂಟಿನ ಲೈನ್‌ಮನ್. ಊರೆಲ್ಲ ಕಂಬ ಹತ್ತಿ ಇಳಿದು ಬಂದು, "ನೀನ್ ಮಾತ್ರ ಕೂತಲ್ಲಿಂದ ಏಳ್ಬೇಡ ಕಣೇ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲೇ ಗ್ರೈನೇಜಿಗೆ ಹೋದೆ. ಯಾಕೆ ಹಾಗೆ ಮಾಡಿದೆನೋ ಈಗ ಯೋಚಿಸಿದರೂ ಸರಿಯಾಗಿ ಹೊಳೆಯುವುದಿಲ್ಲ. ಏಳು ವರ್ಷ ಅದೇ ಮೇಜಿನಲ್ಲಿ ಕೂತವಳಿಗೆ ಯಾವ ಸಂಶಯ ಬಂದರೂ ಕೈ ಗಾಜಿನ ಕಡೆಗೇ ಹೋಗುತ್ತದೆ. ಬೆರಳಿಗೆ ಸೂಜಿ ಚುಚ್ಚಿದೆ. ಪೊಟ್ಯಾಷ್ ಹಾಕಿದರೆ ರಕ್ತ ಕರಗಿಹೋಗುತ್ತದೆಂದು ಪಿಯುಸಿಯಲ್ಲಿ ಓದಿದ ನೆನಪು. ಒಂದು ಹನಿ ಉಪ್ಪುನೀರು ಬೆರೆಸಿದೆ. ಕೆಂಪು ರಕ್ತಕಣ ದುಂಡಗಿರುತ್ತದೆ, ನಡುವೆ ತಗ್ಗು, ಎಲ್ಲವೂ ಒಂದೇ ಅಳತೆ. ಪುಸ್ತಕದಲ್ಲಿ ನೋಡಿದ್ದೆ.

ಕಂಡದ್ದು ದುಂಡಗಿರಲಿಲ್ಲ.

ಒಂದೊಂದು ಒಂದೊಂದು ಅಳತೆ. ಎಷ್ಟೋ ಕಣಗಳು ಉದ್ದ ಉದ್ದ, ಮೊಟ್ಟೆಯಾಕಾರ. ಬೆಳಕು ಸರಿಪಡಿಸಿದೆ. ಹೊಳೆದವು.

ಫೇಲ್.

ಆ ಪದ ನಾನು ಹೇಳಿದ್ದಲ್ಲ, ತಾನಾಗಿ ಬಂತು. ಚಿಟ್ಟೆಯ ಕಣ ಇದಕ್ಕಿಂತ ಬಹಳ ಚಿಕ್ಕದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮನುಷ್ಯರ ಮೈ ದೊಡ್ಡದಲ್ಲವೇ, ಅಲ್ಲಿ ಕಣವೂ ದೊಡ್ಡದಾಗಿ ಬೆಳೆದಿರಬೇಕು ಎಂದು ನನಗೆ ನಾನೇ ಸಮಾಧಾನ ಕೊಟ್ಟುಕೊಂಡೆ. ದಿನಾ ಅರೆದ ಚಿಟ್ಟೆಗಳ ಪುಡಿ ಮೂಗಿಗೆ, ಬಾಯಿಗೆ ಹೋಗಿದೆ. ರೋಗ ನನಗೆ ಬಂದಿದೆ. ತಾಯಿಗೆ ಬಂದದ್ದು ಮೊಟ್ಟೆಗೆ ಇಳಿದಿದೆ. ಹಿಂದಿನ ಎರಡೂ ಅದಕ್ಕೇ ನಿಲ್ಲಲಿಲ್ಲ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಅಳು ಕೂಡ ಬರಲಿಲ್ಲ. ಗಾಜು ತೊಳೆದಿಟ್ಟು ಆ ದಿನದ ಕೆಲಸ ಮಾಡಿದೆ.

ಗಂಡನಿಗೆ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ, ತಪಾಸಣೆಗೆಂದು ಮುಬೀನಾಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ ಹತ್ತಿರ ಹೋದೆ. ಬಸ್ಸಿನ ಕಿಟಕಿಯಾಚೆ ನಂದಿಬೆಟ್ಟ ಮಂಜಿನಲ್ಲಿ ಅರ್ಧ ಕರಗಿತ್ತು. ಮುಬೀನಾ ಏನೋ ಹೇಳುತ್ತಿದ್ದಳು, ತುಟಿ ಆಡುವುದಷ್ಟೇ ಕಾಣುತ್ತಿತ್ತು. ಅವಳನ್ನು ಹೊರಗೆ ಕೂರಿಸಿ ಒಳಗೆ ಹೋಗಿ, ಡಾಕ್ಟರಿಗೆ ಒಂದೇ ಉಸಿರಿನಲ್ಲಿ ಹೇಳಿದೆ:

"ಮೇಡಂ, ಇದನ್ನ ತೆಗೆದುಬಿಡಿ."

ಅವರು ಯಾಕೆ ಎಂದು ಕೇಳಲಿಲ್ಲ. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಉಗುರು ನೋಡಿದರು. "ತೆಗೆಯೋದು ಬಿಡೋದು ಆಮೇಲೆ. ನಿಮ್ಮ ಮೈಯಲ್ಲಿ ರಕ್ತಾನೇ ಇಲ್ವಲ್ರೀ. ಮೊದಲು ಬ್ಲಡ್ ಕೊಟ್ಟು ಬನ್ನಿ." ಸಂಜೆಗೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ನಾಲ್ಕೂವರೆ. ಬಿಳಿ ರಕ್ತಕಣ ಕಡಿಮೆ. ಪ್ಲೇಟ್‌ಲೆಟ್ಟೂ ಕಡಿಮೆ. ಡಾಕ್ಟರ್ ಮುಬೀನಾಳನ್ನು ಒಳಗೆ ಕರೆದು, "ಇವರ ಯಜಮಾನರನ್ನ ಕರೆಸಿ. ಬೆಂಗಳೂರಿಗೆ ಹೋಗ್ಬೇಕು, ಬೋನ್ ಮ್ಯಾರೋ ಟೆಸ್ಟ್ ಆಗ್ಬೇಕು" ಅಂದರು. ಎಸ್‌ಟಿಡಿ ಬೂತಿನಿಂದ ಅವಳು ಕರೆಂಟ್ ಆಫೀಸಿಗೆ ಫೋನ್ ಮಾಡಿದಳು. ಗಂಡ ಬಂದರು. ಡಾಕ್ಟರು ಅವರ ಜೊತೆ ಬಾಗಿಲಾಚೆ ಮೆಲ್ಲಗೆ ಮಾತಾಡಿದ್ದು ನನಗೆ ಕೇಳಿಸಿತು.

ಬ್ಲಡ್ ಕ್ಯಾನ್ಸರ್ ಇರಬಹುದು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ಮಗ್ಗುಲಾಗಿ ಮಲಗಿಸಿ ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿಸಿದರು. ಮರಗಟ್ಟಿಸಿದ್ದರು, ಚುಚ್ಚಿದ್ದು ನೋಯಲಿಲ್ಲ. ಒಳಗಿನದನ್ನು ಎಳೆದರಲ್ಲ, ಆಗ ಪ್ರಾಣವೇ ಆ ದಾರಿಯಲ್ಲಿ ಹೊರಟಂತಾಯಿತು. ಮೂರು ದಿನ ಕಾಯಬೇಕು ಅಂದರು.

ಆ ಮೂರು ದಿನದ ಮಧ್ಯಾಹ್ನಗಳು ನನಗೆ ಒಂದೇ ಉದ್ದನೆಯ ಮಧ್ಯಾಹ್ನವಾಗಿ ನೆನಪಿವೆ. ವಾರ್ಡಿನ ಹಸಿರು ಪರದೆಯಿಂದ ಬೆಳಕು ಸೋರಿ ಎಲ್ಲವೂ ಕೆರೆಯ ತಳದಂತೆ ಕಾಣುತ್ತಿತ್ತು. ಪಿಯುಸಿಯಲ್ಲಿ ಬರೆದ ಜೀವಕೋಶದ ಚಿತ್ರ ಕಣ್ಣಮುಂದೆ ಬರುತ್ತಿತ್ತು: ಸುತ್ತ ಒಂದು ಪೊರೆ, ಒಳಗೆ ಲೋಳೆಯಂಥ ಸೈಟೋಪ್ಲಾಸಂ, ನಡುವೆ ಪೆನ್ಸಿಲಿನಿಂದ ಗಾಢವಾಗಿ ತೀಡಿದ ನ್ಯೂಕ್ಲಿಯಸ್. ಆಗ ಅದು ಬರೀ ಹಾಳೆಯ ಮೇಲಿನ ದುಂಡು. ಈಗ ಅಂಥದೇ ಒಂದು ದುಂಡು ನನ್ನೊಳಗೆ ಎರಡಾಗಿ, ನಾಲ್ಕಾಗಿ, ಎಂಟಾಗಿ, ಲೆಕ್ಕ ತಪ್ಪುವಷ್ಟಾಗಿ ಹರಡುತ್ತಿತ್ತು. ಕೆಲವು ಒಂದಕ್ಕೊಂದು ಅಂಟಿಕೊಂಡು ತೆಳ್ಳನೆಯ ಹಾಳೆಯಾಗುತ್ತಿದ್ದವು, ಚರ್ಮವಾಗಲು. ಹಾಳೆ ಮಡಚಿಕೊಂಡು ಕೊಳವೆಯಾಗುತ್ತಿತ್ತು. ಕೆಲವು ನೂಲಿನಂತೆ ಉದ್ದಕ್ಕೆ ಎಳೆದುಕೊಂಡು ನರವಾಗುತ್ತಿದ್ದವು. ಕೆಲವು ಸ್ನಾಯುವಾಗಿ, ಯಾರೂ ಹೇಳದೆಯೇ, ಎಲ್ಲವೂ ಒಟ್ಟಿಗೆ ಮಿಡಿಯಲು ಶುರುಮಾಡುತ್ತಿದ್ದವು. ಒಂದೇ ಕೋಶದಿಂದ ಹುಟ್ಟಿದವು ಇಷ್ಟು ಬೇರೆಬೇರೆ ಕೆಲಸ ಕಲಿತದ್ದು ಯಾರಿಂದ? ನೋಡುತ್ತ ನೋಡುತ್ತ ನಾನೂ ಅವುಗಳ ಜೊತೆ ತೇಲುತ್ತಿದ್ದೆ. ಆಮೇಲೆ ಆ ಉದ್ದ ಕಣಗಳು ಒಂದು ಮೂಲೆಯಿಂದ ಬರುತ್ತಿದ್ದವು. ಬೇಡ, ಇದು ಮಗುವಿನ ಮೈ, ಇಲ್ಲಿಗೆ ಬರಬೇಡಿ ಎಂದು ಕೂಗಲು ಬಾಯಿ ತೆರೆದರೆ ಉರಿಯುವ ನಾಲಿಗೆ ಹೊರಳುತ್ತಿರಲಿಲ್ಲ. ನಾನು ಸಾಯುವುದಕ್ಕೆ ಅಷ್ಟು ಹೆದರಿರಲಿಲ್ಲ. ರೋಗದ ಮಗುವನ್ನು ಹೆರುವುದಕ್ಕೆ ಹೆದರಿದ್ದೆ, ಹೆರದೆ ಇರುವುದಕ್ಕೂ ಹೆದರಿದ್ದೆ.

ನಾಲ್ಕನೆಯ ದಿನ ಲ್ಯಾಬಿನ ಹಿರಿಯ ಡಾಕ್ಟರೇ ವಾರ್ಡಿಗೆ ಬಂದರು. ಕೂದಲು ನೆರೆತ ಮನುಷ್ಯ, ಕತ್ತಿಗೆ ನೇತುಹಾಕಿದ ಕನ್ನಡಕ. ಅವರು ಬಾಯಿ ತೆರೆಯುವ ಮುಂಚೆಯೇ ನಾನು ಕೇಳಿದೆ, "ಸಾರ್, ಉದ್ದ ಕಣ ಇದ್ವಾ?"

ಅವರು ಹುಬ್ಬೇರಿಸಿದರು. "ನಿಮಗೆ ಹೇಗೆ ಗೊತ್ತು?"

ನನ್ನ ಕೆಲಸ ಹೇಳಿದೆ. ಅವರಿಗೆ ಖುಷಿಯಾದಂತೆ ಕಂಡಿತು. ವೀಲ್ ಚೇರ್ ತರಿಸಿ ನನ್ನನ್ನು ಲ್ಯಾಬಿಗೆ ಕರೆದೊಯ್ದು ತಮ್ಮ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಬಣ್ಣ ಹಾಕಿದ ಗಾಜು. ನೀಲಿ, ನೇರಳೆ, ಗುಲಾಬಿ. ನನ್ನೊಳಗೆ ಇಷ್ಟು ಬಣ್ಣ ಇದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಇದು ನಿಮ್ಮ ಮ್ಯಾರೋ. ಕೆಂಪು ರಕ್ತಕಣ ಆಗ್ಬೇಕಾದ ಕೋಶ ಇದು. ಮೈ ನೋಡಿ, ದೊಡ್ಡದಾಗಿ ಬೆಳೆದುಬಿಟ್ಟಿದೆ. ನ್ಯೂಕ್ಲಿಯಸ್ ಮಾತ್ರ ಇನ್ನೂ ಎಳೇದು. ಎರಡಾಗ್ಬೇಕಾದ್ರೆ ಅದಕ್ಕೆ ಫೋಲಿಕ್ ಆಸಿಡ್ ಬೇಕು, ಬಿ ಟ್ವೆಲ್ವ್ ಬೇಕು. ಸಿಕ್ಕಿಲ್ಲ. ಅದಕ್ಕೇ ರಕ್ತಕಣ ಸರಿಯಾಗಿ ಆಗ್ತಿಲ್ಲ, ಆದದ್ದೂ ಉದ್ದುದ್ದ ಆಗಿದೆ. ದಿನಾ ಹೊಸದಾಗಿ ಹುಟ್ಬೇಕಾದ ಕೋಶಗಳಿಗೇ ಮೊದಲು ಏಟು. ನಾಲಿಗೆ ಮೇಲಿನ ಪದರಾನೂ ಹಾಗೇ. ಸೊಪ್ಪು ತಿಂತೀರೇನಮ್ಮಾ?"

ಕ್ಯಾನ್ಸರ್ ಅಲ್ಲ.

ಅದನ್ನು ಅವರು ಎರಡು ಸಲ ಹೇಳಬೇಕಾಯಿತು. ನಾನು ಗಾಜಿನಿಂದ ಕಣ್ಣು ತೆಗೆಯದೆ, "ಹಾಗಾದ್ರೆ ಮೊಟ್ಟೆಗೆ ಇಳಿದಿರುತ್ತಲ್ಲ ಸಾರ್?" ಅಂದೆ. ಅವರಿಗೆ ಅರ್ಥವಾಗಲಿಲ್ಲ. ತಾಯಿ ಚಿಟ್ಟೆ, ಗಂಟು ರೋಗ, ಸುಡುವುದು, ಚಿಕ್ಕಬಳ್ಳಾಪುರದಲ್ಲಿ ನಾನು ಕೇಳಿದ್ದು, ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ನಿಮ್ಮ ಚಿಟ್ಟೆಯ ರೋಗ ಹೊರಗಿಂದ ಬಂದ ಜೀವಿ. ಇದು ಎಲ್ಲಿಂದಲೂ ಬಂದಿದ್ದಲ್ಲ, ನಿಮ್ಮದೇ ಕಣ, ಹಸಿದಿರೋ ಕಣ. ನಿಮ್ಮಿಂದ ಮಗುವಿಗೆ ಹೋಗಿರೋದು ರೋಗ ಅಲ್ಲಮ್ಮ, ಊಟ. ನಿಮ್ಮತ್ರ ಇದ್ದ ಚೂರುಪಾರನ್ನ ಅದು ಮೊದಲು ಎಳ್ಕೊಂಡಿದೆ. ಬೆಳೀತಾ ಇರೋ ಮಗು ಹಾಗೇ ಮಾಡೋದು. ಉಳಿದದ್ದು ನಿಮಗೆ ಸಾಲಲಿಲ್ಲ."

ಆಗ ಅಳು ಬಂತು. ಅಷ್ಟು ದಿನ ಬರದೆ ಇದ್ದದ್ದೆಲ್ಲ ಬಂತು.

ಅದೇ ದಿನ ಇಂಜೆಕ್ಷನ್ ಶುರುವಾಯಿತು, ಜೊತೆಗೆ ಪುಟ್ಟ ಹಳದಿ ಮಾತ್ರೆ. ಎರಡನೆಯ ದಿನಕ್ಕೇ ಹಸಿವಾಯಿತು. ಆಸ್ಪತ್ರೆಯ ಸಪ್ಪೆ ಉಪ್ಪಿಟ್ಟನ್ನು ಹಬ್ಬದೂಟದಂತೆ ತಿಂದೆ. ವಾರದೊಳಗೆ ಹೊಸ ರಕ್ತಕಣಗಳು ದಂಡುದಂಡಾಗಿ ಬಂದಿವೆ ಎಂದು ಲ್ಯಾಬಿನಿಂದ ಸುದ್ದಿ. ಅತ್ತೆ ಸುದ್ದಿ ಕೇಳಿ ಓಡಿಬಂದವರು ಮಂಚದ ತುದಿಯಲ್ಲಿ ಕೂತು, "ಅಯ್ಯೋ ದೇವುಡಾ, ಸೊಪ್ಪು ಬ್ಯಾಡ ಅಂದೋಳು ನಾನೇ ಕಣಮ್ಮ" ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಿಳಿಯದೆ ಮಾಡಿದವರು ಅವರೊಬ್ಬರೇ ಏನಲ್ಲವಲ್ಲ.

ಗಂಡನಿಗೆ ಹೇಳುವುದು ಬಾಕಿ ಇತ್ತು. ಡಿಸ್ಚಾರ್ಜಿನ ಹಿಂದಿನ ಸಂಜೆ, ಗಾಜಿನಲ್ಲಿ ನೋಡಿದ್ದು, ಮಗುವನ್ನು ತೆಗೆಸಲು ಹೋಗಿದ್ದು, ಎರಡನ್ನೂ ಹೇಳಿದೆ. ಕಿತ್ತಳೆ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಎದ್ದು ಕಿಟಕಿಯ ಹತ್ತಿರ ಹೋದರು.

"ಫೇಲ್ ಅಂತ ಬರೆಯೋಕೆ ಮುಂಚೆ ಇನ್ನೊಬ್ರು ನೋಡ್ಬೇಕು ಅಂತ ನಿಮ್ಮಲ್ಲಿ ರೂಲ್ಸ್ ಇಲ್ವಾ?"

"ಇದೆ."

"ಮತ್ತೆ ನಂಗ್ಯಾಕೆ ತೋರಿಸ್ಲಿಲ್ಲ?"

ಅವರು ವಾಪಸ್ ಬಂದು ಕೂತು, ಉಳಿದ ಕಿತ್ತಳೆಯನ್ನು ಸುಲಿದು ನನ್ನ ಕೈಗಿಟ್ಟರು.

ಹೆರಿಗೆ ಚಿಕ್ಕಬಳ್ಳಾಪುರದಲ್ಲೇ ಆಯಿತು, ಅದೇ ಲೇಡಿ ಡಾಕ್ಟರ ಕೈಯಲ್ಲಿ. ಹೆಣ್ಣು. ಈಗ ನಾಲ್ಕು ತಿಂಗಳು. ನಾನು ಇನ್ನೂ ಇಂಜೆಕ್ಷನ್ ತೆಗೆದುಕೊಳ್ಳಬೇಕು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಕಾಲಿನ ಜುಮುಜುಮು ಪೂರ್ತಿ ಹೋಗಿಲ್ಲ, ನರ ಸರಿಹೋಗಲು ಸಮಯ ಹಿಡಿಯುತ್ತದಂತೆ. ಹಿಂದಿನ ಎರಡು ಯಾಕೆ ಉಳಿಯಲಿಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಇಷ್ಟು ಸಿಕ್ಕಿದೆಯಲ್ಲ ಎಂದು ಕೈಮುಗಿಯುತ್ತೇನೆ, ಮುಗಿಯುವಾಗಲೂ ಸ್ವಲ್ಪ ಹೆದರುತ್ತೇನೆ.

ನಾಮಕರಣದ ದಿನ ತೊಟ್ಟಿಲ ಸುತ್ತ ಎಲ್ಲರೂ ಸೇರಿದ್ದರು. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ನಮ್ಮಲ್ಲಿ ಪದ್ಧತಿ. ಮಗುವಿನ ಸೋದರತ್ತೆ ಹೇಳಿದಳು, ನನ್ನ ಗಂಡ ಹೇಳಿದರು, ಆಮೇಲೆ ನನ್ನ ಸರದಿ. ಬಗ್ಗಿದೆ. ಎಣ್ಣೆ, ಹಾಲಿನ ವಾಸನೆ. ಪುಟ್ಟ ಕಿವಿ ಬೆಚ್ಚಗಿತ್ತು.

ಎರಡು ಸಲ ಹೆಸರು ಹೇಳಿದೆ.

ಮೂರನೆಯ ಸಲ, ಯಾರಿಗೂ ಕೇಳದ ಹಾಗೆ, "ತಪ್ಪಾಯ್ತು ಕಣಮ್ಮ" ಅಂದೆ.